ಕೆಂಪು ಗಾಜು ನುಂಗಿದ ಮುಖ

ಖಾದರ್ ಚಾಚಾ,

ನೀವು ಮಣ್ಣಿಗೆ ಹೋದ ಮೇಲೆ ಹೊಸಪೇಟೆಯ ಸ್ಟುಡಿಯೋದ ಬಾಗಿಲು ತೆಗೆದದ್ದು ನಿನ್ನೆಯೇ. ನಿಮ್ಮ ಲೈಟ್ ಮೀಟರು ಮೇಜಿನ ಮೇಲೆ ನೀವಿಟ್ಟಂತೆಯೇ ಇತ್ತು. ಅದರ ಚಕ್ರ ಹದಿನಾರರಲ್ಲಿ ನಿಂತಿತ್ತು, ಸಂಡೂರಿನಲ್ಲಿ ನೀವು ಕೊನೆಗೆ ತಿರುಗಿಸಿದ ಅಂಕಿ. ಮುಟ್ಟಲು ಕೈ ಬರಲಿಲ್ಲ.

ಹಂಪಿಯ ಬಂಡೆಗಳ ನಡುವೆ ಆ ಚಕ್ರ ತಿರುಗಿಸಲು ಕಲಿಸಿದವರು ನೀವೇ. ಲೆನ್ಸಿಗೆ ಕೆಂಪು ಗಾಜು ಹಾಕಿದರೆ ಕಪ್ಪು-ಬಿಳುಪು ಫೋಟೋದಲ್ಲಿ ನೀಲಿ ಆಕಾಶ ಕಪ್ಪಾಗುತ್ತದೆ, ಕಲ್ಲು ಎದ್ದು ನಿಲ್ಲುತ್ತದೆ. "ಆದ್ರ ಈ ಗಾಜು ಬೆಳಕು ತಿಂತೈತಿ ಬೇಟಾ," ಅಂದಿರಿ. "ಮೀಟರಿಗೆ ಅದು ಗೊತ್ತಿಲ್ಲ. ಫಿಲ್ಮಿನ ವೇಗ ನೂರಾ ಇಪ್ಪತ್ತೈದು ಇದ್ರೂ ಹದಿನಾರು ಅಂತ ಸುಳ್ಳು ಹೇಳು. ಆಗ ಅದು ಹೆಚ್ಚು ಬೆಳಕು ಕೇಳ್ತೈತಿ, ಖರೇ ಹೇಳ್ತೈತಿ." ಸುಳ್ಳಿನಿಂದ ಖರೇ ಹುಟ್ಟುತ್ತದೆಯೇ ಎಂದು, ಆಗಷ್ಟೇ ಸಂಘಟನೆ ಸೇರಿದ್ದ ನಾನು ಜಗಳಕ್ಕೆ ನಿಂತೆ. "ನಿನ್ನ ಘೋಷಣಿ ಜೇಬಿನ್ಯಾಗ ಇಡಲೇ, ಬಿಸಿಲು ಹೋಗ್ತೈತಿ!"

ಸಂಡೂರಿನ ಬೆಟ್ಟ ಹತ್ತಿದ ಬೆಳಗು ನೆನಪಿದೆಯೇ? ಕಾಲುವೆ ನೀರಿನ ಕಬ್ಬಿನಲ್ಲಿ ಕೊಬ್ಬಿ ಗಣಿಗೆ ಕೈ ಹಾಕಿದ ಗುತ್ತಿಗೆದಾರನಿಗೆ ಕ್ಯಾಲೆಂಡರಿಗೊಂದು ಫೋಟೋ ಬೇಕಿತ್ತು. ಅದಿರಿನ ಕೆಂಪು ಧೂಳು ಮೆತ್ತಿದ ಆಳುಗಳು ಗುಂಡಿಯ ಬಾಯಲ್ಲಿ ಸಾಲಾಗಿ ನಿಂತರು. ತುದಿಯಲ್ಲಿ ಗಾಳೆಪ್ಪ, ಫೋಟೋಕ್ಕೆಂದೇ ತಲೆಗೆ ಹೊಸ ನೀಲಿ ವಸ್ತ್ರ ಸುತ್ತಿದ್ದ. "ಮದುಮಗ ಆಗೀಯಲ್ಲಲೇ, ನಗು," ಅಂದಿರಿ. ನಕ್ಕ. ನೀವು ಕೆಂಪು ಗಾಜು ಹಾಕಿ, ಮೀಟರನ್ನು ಹದಿನಾರಕ್ಕೆ ತಿರುಗಿಸಿ, ಫೋಟೋ ತೆಗೆದಿರಿ. ಅದೇ ಮಧ್ಯಾಹ್ನ ಗುಂಡಿಯ ಗೋಡೆ ಕುಸಿಯಿತು, ಗಾಳೆಪ್ಪ ಅದರಡಿ ಉಳಿದ.

ಅವನ ಹೆಂಡತಿ ಹುಲಿಗೆಮ್ಮ ನಿಮ್ಮನ್ನು ಹುಡುಕಿಕೊಂಡು ಬಂದಳು. "ಅವ ಅವತ್ತು ಬಂದೇ ಇಲ್ಲ, ಎಲ್ಲೋ ಓಡಿ ಹೋಗ್ಯಾನ" ಎಂದ ಗುತ್ತಿಗೆದಾರ ಮಣ್ಣು ಅಗೆಸಲು ಒಪ್ಪಿರಲಿಲ್ಲ. ಜೊತೆಯವರು ಹೆದರಿ ಬಾಯಿ ಮುಚ್ಚಿದ್ದರು. ನಮ್ಮ ಬಾಯಿಮಾತು ಸಾಲದೆಂದ ಗಣಿ ಅಧಿಕಾರಿ. ಉಳಿದ ಸಾಕ್ಷಿ ನಿಮ್ಮ ಫೋಟೋ ಒಂದೇ. ಅದರಲ್ಲಿ… ಬೆಟ್ಟವೂ ಬಿಳಿ, ಮುಖಗಳೂ ಬಿಳಿ. ತುದಿಯಲ್ಲಿ ಆ ನೀಲಿ ವಸ್ತ್ರ ಮಾತ್ರ ಕಪ್ಪಾಗಿ, ಗಾಳಿಗೇ ಸುತ್ತಿದಂತೆ ನಿಂತಿತ್ತು. ಅದರ ಕೆಳಗೆ ಯಾರೂ ಇರಲಿಲ್ಲ.

"ವಸ್ತ್ರ ನಮ್ಮಾತಂದ. ತಲಿ ಎಲ್ಲೈತ್ರೀ?" ಎಂದಳು. ಅಧಿಕಾರಿಯ ಮುಂದೆ ಗುತ್ತಿಗೆದಾರ ಹಲ್ಲು ಕಿಸಿದ: "ಒಂದು ವಸ್ತ್ರ ಹುಡುಕಾಕ ಗುಡ್ಡ ಅಗಸಬೇಕೇನ್ರೀ ಸಾಹೇಬ್ರ?" ಹೊರಗೆ ಬಂದು ಅವಳು ಹಣೆ ಮುಟ್ಟಿಕೊಂಡಳು. "ಈ ಕುಂಕುಮ ಇಟ್ಕೋಬೇಕೋ ಅಳಸಬೇಕೋ, ಅದನ್ನಾರ ಹೇಳ್ರಿ." ಅಂದಿನಿಂದ ನಿಮ್ಮದು "ಮೀಟರು ಸರೀನ ಇತ್ತಲ್ಲ ಬೇಟಾ?" ಎಂಬುದೊಂದೇ ಮಾತು, ಆಸ್ಪತ್ರೆಯ ಮಂಚದ ತನಕ.

ಮೀಟರು ಸರಿ ಇತ್ತು ಚಾಚಾ. ಹದಿನಾರು ತಪ್ಪು. ಅದು ಹಂಪಿಯ ಬೂದುಗಲ್ಲಿನ ಲೆಕ್ಕ. ಕೆಂಪು ಗಾಜು ಬೇರೆ ಬಣ್ಣ ತಿನ್ನುತ್ತದೆ, ಕೆಂಪನ್ನು ಬಿಟ್ಟುಬಿಡುತ್ತದೆ. ಕೆಂಪು ಬೆಟ್ಟದ ಮುಂದಿನ ಕೆಂಪು ಮನುಷ್ಯನಿಗೆ ಅಷ್ಟೊಂದು ಬೆಳಕು ಕೊಟ್ಟಿರಿ. ಅವನು ಬೆಳಕಿನಲ್ಲೇ ಮುಳುಗಿದ. ಮುಳುಗಿದವನು ಇಲ್ಲವಾದನೇ? ಬೆಳಕು ಬಿದ್ದಷ್ಟೂ ಕಪ್ಪಾಗುವ ನೆಗೆಟಿವಿನಲ್ಲಿ ಅವನ ಜಾಗ ಮಸಿಗಟ್ಟಿತ್ತು. ಆ ಮಸಿಯೊಳಗೆ…

ನಿನ್ನೆ ಹಗಲೇ ಕಿಟಕಿ ಮುಚ್ಚಿ, ಆ ನೆಗೆಟಿವಿನ ಮೂಲಕ ಕಾಗದಕ್ಕೆ ಬೆಳಕು ಬಿಟ್ಟೆ. ಸಾಕೆನಿಸಿದ ಮೇಲೂ ಬಿಟ್ಟೆ. ಔಷಧದ ತಟ್ಟೆಯಲ್ಲಿ ಮೊದಲು ಆಕಾಶ ಇದ್ದಿಲಾಯಿತು. ಆಮೇಲೆ ವಸ್ತ್ರದ ಕೆಳಗೆ ಒಂದು ಹುಬ್ಬು. ಮೂಗು. ಹಲ್ಲು. ಮಣ್ಣನ್ನು ಒಳಗಿನಿಂದ ಸರಿಸಿಕೊಂಡು ಬರುವವನಂತೆ ಬಂದ. ಇನ್ನೂ ನಗುತ್ತಿದ್ದ. ನೀವು ನಗು ಎಂದಿದ್ದಿರಿ, ಸಾಕು ಎಂದಿರಲಿಲ್ಲ.

ಇವತ್ತು ಅದನ್ನು ಅಧಿಕಾರಿಯ ಮೇಜಿಗೆ ಬಡಿದೆ. ಸಂಘಟನೆಯ ಗೆಳೆಯರೆಲ್ಲ ಬಾಗಿಲಿಗೆ ಅಡ್ಡ ಕೂತೆವು, ಆದೇಶ ಬರೆಸಿಕೊಂಡೇ ಎದ್ದೆವು. ನಾಳೆ ಗುಂಡಿ ಅಗೆಯುತ್ತಾರೆ. "ನಮ್ಮಾತ ಹೊರಗ ಬರೋದು ಫೋಟೋ ತಗೀರಿ," ಎಂದಿದ್ದಾಳೆ ಹುಲಿಗೆಮ್ಮ. ಕುಂಕುಮ ನಾಳೆಯ ತನಕ ಇರುತ್ತದೆ. ಕೆಂಪು ಗಾಜು ನಿಮ್ಮ ಡಬ್ಬಿಯಲ್ಲೇ ಇರಲಿ. ಮೀಟರಿನ ಚಕ್ರವನ್ನು ಈಗಷ್ಟೇ ನೂರಾ ಇಪ್ಪತ್ತೈದಕ್ಕೆ ತಿರುಗಿಸಿದೆ, ಚಾಚಾ.