ಅರ್ಧಕ್ಕೆ ನಿಂತ ಆಟ

ಜುಲೈ ೯, ಬುಧವಾರ

ತಿಂಗಳಿಂದ ಕಾಡುತ್ತಿದ್ದ ಗಂಟು ಬಿಚ್ಚಿತು! ನನ್ನ ಕಾದಂಬರಿಯ ಹೊನ್ನಿ ಮಾಯಾವಿಯೊಂದಿಗೆ ಇಸ್ಪೀಟಾಡುತ್ತಾಳೆ. ಸೋತರೆ ಅವಳ ನೆನಪೆಲ್ಲ ಅವನ ಪಾಲು. ಎಲೆಗಳೋ ಅವನ ಮಾತನ್ನೇ ಕೇಳುತ್ತವೆ. ಅವಳನ್ನು ಉಳಿಸುವುದು ಹೇಗೆ?

ಬೆಳಿಗ್ಗೆ ಮದ್ದೂರಿನಿಂದ ಬರುವ ರೈಲಿನಲ್ಲಿ, ದಿನಾ ಮೊಣಕಾಲ ಮೇಲೆ ಟವೆಲ್ ಹಾಸಿ ಆಡುವ ಗುಂಪು ಎದುರಿಗಿತ್ತು. ಮಂಡ್ಯ ಬಂದದ್ದೇ ಎಲ್ಲರೂ ತಂತಮ್ಮ ಎಲೆಗಳನ್ನು ಜೇಬಿಗಿಳಿಸಿ ಎದ್ದರು. ನಾನು, ಯಾರೊಡನೆಯೂ ಮಾತಾಡದ ನಾನು, ಕೇಳಿಯೇಬಿಟ್ಟೆ: "ಆಟ ಮುಗೀಲಿಲ್ವಲ್ಲ?"

"ಸಂಜೆ ಗಾಡೀಲಿ ಮುಗುಸ್ತೀವಿ ಕಣಮ್ಮ. ಅಲ್ಲೀಗಂಟ ಯಾರೂ ಸೋತಂಗಲ್ಲ," ಎಂದರು ಹಿರಿಯರೊಬ್ಬರು.

"ನೀನು ಆಗ್ಲೇ ಸೋತಿದ್ದೀಯ, ನಡಿಯಲಾ!" ಎಂದು ಜೊತೆಯವರು ನಕ್ಕರು.

ಹೊನ್ನಿ ಗೆಲ್ಲಬೇಕಾಗಿಯೇ ಇಲ್ಲ! ಕೊನೆಯ ಎಲೆಯನ್ನು ಸೆರಗಿಗೆ ಕಟ್ಟಿಕೊಂಡು ಎದ್ದುಬಂದರೆ ಸಾಕು. ಆಟ ಮುಗಿಯದೆ ಮಾಯಾವಿ ಏನನ್ನೂ ಕೇಳುವಂತಿಲ್ಲ. ಕಾಯಲಿ.

ಕೈ ನೋಯುತ್ತಿದೆ. ಆದರೆ ಅವಳಿನ್ನೂ ಅವನ ಹೊಸಿಲು ದಾಟಿಲ್ಲ. ದಾಟಿಸಿಯೇ ಮಲಗುತ್ತೇನೆ.