ಅಮ್ಮನ ಲೋಟ

ತಿಲಕ್ ನಗರ, ಬೆಂಗಳೂರು
ಭಾನುವಾರ, 16-2-2025

ಪ್ರೀತಿಯ ಸೌಮ್ಯಾ,

ಬೀದರಿನಲ್ಲಿ ಬಿಸಿಲು ಶುರುವಾಯಿತೇ? ನಿನ್ನ ಸೊಂಟನೋವು ಹೇಗಿದೆ? ಬ್ಯಾಂಕಿನ ಕುರ್ಚಿಗೊಂದು ದಿಂಬು ಇಟ್ಟುಕೋ ಅಂದಿದ್ದೆ, ಇಟ್ಟುಕೊಂಡಿರಲಾರೆ. ನನ್ನ ಬಿ.ಪಿ. ಶುಕ್ರವಾರದವರೆಗೆ ಸರಿಯಾಗಿತ್ತು. ಫೋನಿನಲ್ಲಿ ಹೇಳಿದರೆ ಪಕ್ಕದ ರೂಮಿನಲ್ಲಿರುವ ನಿನ್ನ ಮಗ ರೇವಂತನಿಗೆ ಕೇಳಿಸುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಶುಕ್ರವಾರ ಅವನ ಕಾಲೇಜಿನಲ್ಲಿ ವಿದ್ಯಾರ್ಥಿಗಳೇ ತೆಗೆದ ದೆವ್ವದ ಸಿನಿಮಾಗಳ ಪ್ರದರ್ಶನವಿತ್ತು. ಸರ್‌ಪ್ರೈಸ್ ಇದೆ ಎಂದು ನನ್ನನ್ನೂ ಎಳೆದುಕೊಂಡು ಹೋದ. ಸಾರಕ್ಕಿ ಸಿಗ್ನಲ್ಲಿನಲ್ಲಿ ಆಟೋ ನಿಂತಷ್ಟು ಹೊತ್ತೂ ಪಾಠ. ಈಗಿನ ಹಾರರ್ ಚಿತ್ರಗಳ ಮೂಲವೆಲ್ಲ ಹಿಂದೆ ಕಾಲೇಜು ಹುಡುಗರು ತೆಗೆದ ಚಿತ್ರಗಳಲ್ಲಿದೆಯಂತೆ. ಅವರ ಕೈಯಲ್ಲಿ ಕಾಸಿಲ್ಲದೆ ಸ್ವಂತ ಮನೆ, ಸ್ವಂತ ನೆಂಟರನ್ನೇ ಬಳಸಿಕೊಂಡರಂತೆ. "ದೆವ್ವ ತೋರ್ಸೋದು ಓಲ್ಡ್ ಸ್ಟೈಲ್ ತಾತ, ಮನೇನೇ ಹೆದರಿಸ್ಬೇಕು" ಅಂದ.

ಮೊದಲ ಚಿತ್ರದಲ್ಲಿ ಒಬ್ಬಳು ಬೆಲ್ಲದ ಪಾಕಕ್ಕೆ ಕೆಂಪು ಬಣ್ಣ ಕಲಸಿ ಬಾಯಿಂದ ಸುರಿಸಿಕೊಂಡಳು. ಎರಡನೆಯದರಲ್ಲಿ ಕುರಿಯ ಕರುಳು, ನಿಜವಾದದ್ದೇ. ಕಣ್ಣಿಗೆ ಕರವಸ್ತ್ರ ಅಡ್ಡ ಹಿಡಿದು ಕೂತೆ. ಮೂರನೆಯದು ರೇವಂತನದು. ಪರದೆಯ ಮೇಲೆ ನಮ್ಮ ಅಡುಗೆಮನೆ, ಅದರಲ್ಲಿ ತೂತುಬಿದ್ದ ಬನಿಯನ್ನಿನಲ್ಲಿ ನಾನು! ಅಕ್ಕಿ ಡಬ್ಬದ ಹಿಂದೆ ಫೋನ್ ಅಡಗಿಸಿಟ್ಟಿದ್ದನಂತೆ. ನಿನಗೆ ಗೊತ್ತಲ್ಲ, ನಿನ್ನ ಅಮ್ಮನಿಗೆ ಬಗ್ಗಿಸದೆ ನಾನು ಕಾಫಿ ಕುಡಿದವನಲ್ಲ. ಈಗಲೂ ಅವಳ ಲೋಟ ಫೋಟೋದ ಮುಂದೆ ಇಟ್ಟ ಮೇಲೆಯೇ ನನ್ನದು. ಪರದೆಯಲ್ಲಿ ಆ ಲೋಟ ತಾನಾಗಿ ಅರ್ಧ ಗೇಣು ಸರಿಯಿತು. ನಾನು ನಗುತ್ತಾ, "ಯಾಕೇ, ಸಕ್ಕರೆ ಕಮ್ಮಿ ಆಯ್ತಾ?" ಎಂದು ಕೇಳುತ್ತಿದ್ದೇನೆ.

ಹುಡುಗಿಯರು ಕಿರುಚಿದರು. ಹಿಂದಿನ ಸಾಲಿನಲ್ಲಿ ಯಾವನೋ, "ಮಗಾ, ದೆವ್ವಕ್ಕಿಂತ ಈ ಅಂಕಲ್ಲೇ ಸಖತ್ ಭಯ ಕಣೋ" ಅಂದ. ಆಮೇಲೆ ಚಪ್ಪಾಳೆ. ನಿನ್ನ ಮಗ ವೇದಿಕೆ ಹತ್ತಿ, ಸಂಕ್ರಾಂತಿಯ ಬೆಳಿಗ್ಗೆ ಲೋಟಕ್ಕೆ ನೈಲಾನ್ ದಾರ ಕಟ್ಟಿ ಕಿಟಕಿಯ ಹೊರಗಿನಿಂದ ಎಳೆದದ್ದನ್ನು ವರ್ಣಿಸಿದ. "ಒಂದೇ ಟೇಕ್ ಸಾರ್, ತಾತಂಗೆ ಗೊತ್ತೇ ಇರ್ಲಿಲ್ಲ, ರಿಯಲ್ ರಿಯಾಕ್ಷನ್." ಮೊದಲ ಬಹುಮಾನವೂ ಅವನಿಗೇ.

ಕುರಿಯ ಕರುಳು ವಾಸಿ ಅನ್ನಿಸಿತು. ಟ್ರ್ಯಾಜೆಡಿ ನೋಡಿದವರಲ್ಲಿ ಪಿಟಿ, ಅಂದರೆ ಕರುಣೆ, ಅಂಡ್ ಇನ್ನೊಂದೇನೋ ಹುಟ್ಟಬೇಕು ಅಂತ ಬಿ.ಎ.ಯಲ್ಲಿ ಓದಿದ್ದೆ. ಆ ಇನ್ನೊಂದರ ಹೆಸರು ಈಗ ಮರೆತಿದೆ, ಭಯ ಅಂತಲೇ ಅರ್ಥ. ಸಭಾಂಗಣದಲ್ಲಿ ಬರೀ ಅದೇ ತುಂಬಿತ್ತು, ಪಿಟಿ ಇರಲಿಲ್ಲ. ಅವತ್ತಿನಿಂದ ನಾನು ಅವನ ಹತ್ತಿರ ಮಾತಾಡಿಲ್ಲ. ಚಿತ್ರವನ್ನು ಇನ್ನೆಲ್ಲಿಗೋ ಕಳಿಸುತ್ತಾನಂತೆ, ಕಳಿಸಕೂಡದು ಅಂತ ನೀನು ಹೇಳು. ತಾಯಿಯ ಮಾತಿಗಾದರೂ ಬೆಲೆ ಕೊಟ್ಟಾನು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಳಿಯಂದಿರನ್ನು ಕೇಳಿದೆನೆಂದು ತಿಳಿಸು. ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ.

ನಿನ್ನ ಅಪ್ಪ,
ಅನಂತರಾಮು

ಮರೆತಿದ್ದೆ: ಒಂದೇ ಟೇಕ್ ಅಂದನಲ್ಲ. ರಥಸಪ್ತಮಿಯ ಬೆಳಿಗ್ಗೆಯೂ ಲೋಟ ಸರಿದಿತ್ತು. ಯಾರಿಗೂ ಹೇಳಿರಲಿಲ್ಲ, ಆ ದಿನವೆಲ್ಲ ಖುಷಿಯಾಗಿದ್ದೆ. ನಾನು ಕೇಳಲಾರೆ, ನೀನೇ ವಿಚಾರಿಸು. ಅದನ್ನೂ ಎಳೆದದ್ದು ಅವನೇ ಆಗಿದ್ದರೆ ನನಗೆ ಬರೆಯಬೇಡ.