ನೆಗ್ಗಿದ ಲೋಟ

ಗ್ಯಾರೇಜಿನ ಮೇಲಿನ ಮನೆ
ಭಾನುವಾರ, ತಾರೀಕು ಹನ್ನೊಂದು

ಪ್ರೀತಿಯ ಅಕ್ಕಾ,

ನೀನು, ಭಾವ, ಮಗು ಚೆನ್ನಾಗಿದ್ದೀರಾ? ನಿನ್ನ ಸೊಂಟನೋವು ಹೇಗಿದೆ? ಭಾರ ಎತ್ತಬೇಡ ಅಂದರೆ ಕೇಳುವವಳಲ್ಲ ನೀನು. ಮುಂದಿನ ತಿಂಗಳು ಬರುತ್ತೀಯ ಎಂದು ಓದಿ ಸಂತೋಷದ ಜೊತೆಗೆ ಭಯವೂ ಆಯಿತು. ನೀನು ಕಂಡದ್ದಕ್ಕಿಂತ ಅಮ್ಮನ ಮರೆವು ಬಹಳ ಹೆಚ್ಚಾಗಿದೆ. ಒಮ್ಮೊಮ್ಮೆ ನನ್ನನ್ನೇ ಕರೆಂಟಿನವನು ಅಂದುಕೊಂಡು, ‘ಮೀಟರ್ ಆಚೆ ಇದೆಯಪ್ಪ, ನೋಡ್ಕೊಂಡು ಹೋಗು’ ಎಂದು ಬಾಗಿಲಿಂದಲೇ ಸಾಗಹಾಕುತ್ತಾಳೆ. ನಗು ಬರುತ್ತದೆ, ಆಮೇಲೆ ಬರುವುದಿಲ್ಲ. ನಿನ್ನ ಗುರುತು ಹಿಡಿಯುತ್ತಾಳೋ ಇಲ್ಲವೋ ಎಂಬುದೇ ನನ್ನ ಚಿಂತೆ.

ನೀನು ಕಳಿಸಿದ ಹೊಸ ಚಪ್ಪಲಿ, ಶಾಲು ಬಂದು ಸೇರಿವೆ. ಆದರೆ ಬೀರುವಿನಲ್ಲೇ ಇವೆ, ಬೇಜಾರು ಮಾಡಿಕೊಳ್ಳಬೇಡ. ಚಪ್ಪಲಿ ಹಾಕಿಸಿದರೆ, ‘ಇದು ಯಾರದೋ ಕಣೋ, ಪಾಪ ಅವರು ಬರಿಗಾಲಲ್ಲಿ ಹುಡುಕ್ತಾ ಇರ್ತಾರೆ’ ಎಂದು ಕಳಚಿ ಬಾಗಿಲ ಹೊರಗಿಡುತ್ತಾಳೆ. ಹೆಬ್ಬೆರಳು ಊರಿ ಊರಿ ಗುಳಿ ಬಿದ್ದ ಹಳೆಯ ಜೋಡಿ ಇಟ್ಟರೆ ಕಾಲು ತಾನಾಗಿ ಹೋಗಿ ಸೇರಿಕೊಳ್ಳುತ್ತದೆ. ಶಾಲೂ ಅಷ್ಟೇ, ಅಂಚು ಪಿಸಿದು ದಾರ ಎದ್ದದ್ದೇ ಬೇಕು. ಆ ದಾರವನ್ನು ಬೆರಳಿಗೆ ಸುತ್ತಿಕೊಂಡರೇ ಅವಳಿಗೆ ನಿದ್ದೆ. ಇದನ್ನೆಲ್ಲ ನೋಡಿ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ಅಮ್ಮನ ಸ್ಟೀಲ್ ಲೋಟ ನೆನಪಿದೆಯಲ್ಲ? ಚಿಕ್ಕಂದಿನಲ್ಲಿ ನೀನು ಮೆಟ್ಟಿಲಿಂದ ಉರುಳಿದಾಗ ಮುಂದೆ ಲೋಟ, ಹಿಂದೆ ನೀನು. ಅವತ್ತು ಬಿದ್ದ ನೆಗ್ಗು ಇಷ್ಟು ವರ್ಷ ಹಾಗೇ ಇತ್ತು. ದಿನವಿಡೀ ಜನರ ಕಾರಿನ ನೆಗ್ಗು ತೆಗೆಯುವವನ ಮನೆಯಲ್ಲಿ ನೆಗ್ಗಿದ ಲೋಟವೇ ಎಂದು ಹೋದ ವಾರ ಅದನ್ನು ಕೆಳಗೆ ಒಯ್ದು, ಮರದ ಸುತ್ತಿಗೆಯಿಂದ ಹದವಾಗಿ ತಟ್ಟಿ, ನುಣ್ಣಗೆ ಮಾಡಿ ತಂದೆ. ಅಮ್ಮ ಹೆಬ್ಬೆರಳಿನಿಂದ ಸುತ್ತಲೂ ತಡಕಿದಳು. ‘ನನ್ನ ಲೋಟ ಎಲ್ಲೋ?’ ಎಂದು ಅಳತೊಡಗಿದಳು. ಮಾರನೆಯ ದಿನವೂ ಅದರಲ್ಲಿ ನೀರು ಮುಟ್ಟಲಿಲ್ಲ. ಕೊನೆಗೆ ಅದೇ ಜಾಗಕ್ಕೆ ಹೊಡೆದು ಮತ್ತೆ ನೆಗ್ಗಿಸಿದೆ. ಅಕ್ಕಾ, ತೆಗೆಯುವುದರಲ್ಲಿ ಕೈ ಪಳಗಿದೆ, ಹಾಕುವುದು ನನಗೆ ಬರಲಿಲ್ಲ. ತಡಕಿ ನೋಡಿ ಕುಡಿದಳು, ಗುರುತಿಲ್ಲದವರ ಮನೆಗೆ ಬಂದವರು ಕುಡಿಯುವ ಹಾಗೆ. ಲೋಟ ಕೆಳಗಿಟ್ಟು, ‘ನಿಮಗೆ ತೊಂದರೆ ಕೊಟ್ಟೆ’ ಎಂದಳು. ನನಗೆ ತಡೆಯಲಾಗಲಿಲ್ಲ. ಗ್ಯಾರೇಜಿಗೆ ಇಳಿದು ಯಾರದೋ ಕಾರಿನ ಮರೆಯಲ್ಲಿ ಅತ್ತುಬಿಟ್ಟೆ.

ಭಾವನಿಗೆ ನಮಸ್ಕಾರ, ಮಗುವಿಗೆ ಮುತ್ತು. ಅಮ್ಮನ ಆಶೀರ್ವಾದ ಇದ್ದೇ ಇದೆ. ಅವಳು ಹೇಳದಿದ್ದರೂ ಅವಳ ಪರವಾಗಿ ನಾನೇ ಬರೆದಿದ್ದೇನೆ.

ನಿನ್ನ ತಮ್ಮ,
ಗುಂಡ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು. ಬರುವಷ್ಟರಲ್ಲಿ ಮುಂದಿನ ಮುರಿದ ಹಲ್ಲು ಸರಿಮಾಡಿಸಿಕೊಳ್ಳುತ್ತೇನೆ ಎಂದು ಬರೆದಿದ್ದೀಯಲ್ಲ, ದಮ್ಮಯ್ಯ, ಬೇಡ. ಈಗಷ್ಟೇ ಅಮ್ಮನಿಗೆ ನೀನು ಬರುವ ವಿಷಯ ಹೇಳಿದೆ. ಯಾರು ಎಂದು ಬಹಳ ಹೊತ್ತು ಯೋಚಿಸಿದಳು. ಆಮೇಲೆ ತನ್ನ ಮುಂದಿನ ಹಲ್ಲನ್ನು ಬೆರಳಲ್ಲಿ ಮುಟ್ಟಿಕೊಂಡು, ‘ಮೆಟ್ಟಿಲಿಂದ ಬಿದ್ದು ಹಲ್ಲು ಮುರ್ಕೊಂಡಳಲ್ಲ, ಅವಳಾ? ಅವಳು ನನ್ನ ಮಗಳು’ ಎಂದಳು. ಹಾಗೇ ಬಾ, ಅಕ್ಕಾ.